ಜಯವೋ, ಗೆಲುವೋ?

ಚುನಾವಣೆಯ ಎಣಿಕೆ ಮುಗಿದ ಮರುದಿನ ಯಾವ ಪತ್ರಿಕೆಯನ್ನೇ ಬಿಡಿಸಿ ನೋಡಿ, ತಲೆಬರಹದಲ್ಲಿ ಭೇರಿ ಇದ್ದೇ ಇರುತ್ತದೆ. ಇಂಥ ಪಕ್ಷಕ್ಕೆ ಜಯಭೇರಿ, ಇಂಥವರ ಕೊರಳಿಗೆ ಜಯಮಾಲೆ, ಇಂಥ ನಾಯಕರ ದಿಗ್ವಿಜಯ! ಅದೇ ದಿನ, ಅದೇ ಊರಿನ ಗಿರಣಿ ಕೆಲಸಗಾರನ ಮನೆಯಲ್ಲಿ, ಮೂರು ದಿನ ಜ್ವರದಿಂದ ಮಲಗಿದ್ದ ಮಗು ಎದ್ದು ಕುಳಿತು ಗಂಜಿ ಕೇಳಿತೆನ್ನಿ. ತಾಯಿ ನೆರೆಮನೆಯಾಕೆಗೆ ಹೇಳುತ್ತಾಳೆ: "ಇವತ್ತು ಪರವಾಗಿಲ್ಲ ಕಣಕ್ಕಾ, ಮಗು ಗೆಲುವಾಗಿದೆ."

ನಿಘಂಟಿನಲ್ಲಿ ಹುಡುಕಿದರೆ ಜಯಕ್ಕೆ ಗೆಲುವು ಎಂದೂ ಗೆಲುವಿಗೆ ಜಯ ಎಂದೂ ಅರ್ಥ ಬರೆದಿರುತ್ತದೆ. ಆದರೆ ಜನರ ಬಾಯಲ್ಲಿ ಈ ಎರಡು ಮಾತುಗಳು ಎಂದೂ ಒಂದಾಗಿಲ್ಲ. ಆ ತಾಯಿ "ಮಗು ಜಯವಾಗಿದೆ" ಎನ್ನುವುದಿಲ್ಲ. ಹಾಗೆ ಅಂದರೆ ಕೇಳಿದವರು ನಕ್ಕಾರು. ಈ ವ್ಯತ್ಯಾಸ ಪಂಡಿತರ ಚರ್ಚೆಗೆ ಮಾತ್ರ ಬಿಟ್ಟುಬಿಡುವಂಥದಲ್ಲ. ದುಡಿಯುವ ಜನ ತಮ್ಮ ಹೋರಾಟದ ಲೆಕ್ಕ ಹಾಕುವಾಗ ಯಾವ ಅಳತೆಗೋಲು ಹಿಡಿಯಬೇಕೆಂಬ ಪ್ರಶ್ನೆ ಇದರೊಳಗೆ ಅಡಗಿದೆ. ಆದ್ದರಿಂದ ಈ ವಾರ ಈ ಎರಡು ಮಾತುಗಳನ್ನೇ ತಕ್ಕಡಿಗೆ ಹಾಕಿ ನೋಡೋಣ.

ಜಯ ಯಾರದ್ದು?

ಜಯ ಸಂಸ್ಕೃತದಿಂದ ಬಂದ ಮಾತು. ಬಂದದ್ದೇನೋ ಸರಿ, ಬಂದು ಕುಳಿತದ್ದು ಎಲ್ಲಿ? ಅರಮನೆಯಲ್ಲಿ, ದೇವಸ್ಥಾನದಲ್ಲಿ, ಮೆರವಣಿಗೆಯಲ್ಲಿ. ಅದರ ಸಂಸಾರವನ್ನೇ ನೋಡಿ: ವಿಜಯ, ದಿಗ್ವಿಜಯ, ವಿಜಯೋತ್ಸವ, ಜಯಸ್ತಂಭ, ಜಯಘೋಷ. ಇವುಗಳಲ್ಲಿ ಒಂದಾದರೂ ಅಡಿಗೆಮನೆಯೊಳಗೆ ಕಾಲಿಡುವ ಮಾತಲ್ಲ. ಜಯಮ್ಮ, ಜಯಣ್ಣ ಎಂದು ಮಕ್ಕಳಿಗೆ ಹೆಸರಿಡುತ್ತೇವೆ ನಿಜ. ಅದು ಹಾರೈಕೆ. ಹೆಸರಿಟ್ಟ ಮೇಲೆ ಜಯಮ್ಮನಿಗೂ ಬೀಡಿ ಕಟ್ಟುವುದು ತಪ್ಪುವುದಿಲ್ಲ, ಜಯಣ್ಣನಿಗೂ ರಾತ್ರಿ ಪಾಳಿ ತಪ್ಪುವುದಿಲ್ಲ.

ಇನ್ನೊಂದು ವಿಶೇಷವನ್ನು ಗಮನಿಸಿ. "ಜೈ" ಎಂದು ಕೂಗಬೇಕಾದರೆ ಮುಂದೆ ಇನ್ನೊಬ್ಬರ ಹೆಸರು ಬೇಕು. ಯಾರೂ ತನಗೆ ತಾನೇ ಜೈಕಾರ ಹಾಕಿಕೊಳ್ಳುವುದಿಲ್ಲ. ರಾಜರ ಕಾಲದಲ್ಲಿ ರಾಜನಿಗೆ, ಆಮೇಲೆ ಮಂತ್ರಿ ಮಹಾಶಯರಿಗೆ, ಈಗ ಪುಢಾರಿಯ ಮಗನಿಗೂ ಮೊಮ್ಮಗನಿಗೂ ಜೈ. ಕೂಗುವ ಗಂಟಲು ನಮ್ಮದು, ಹೆಸರು ಅವರದು. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು "ಜೈ ಜವಾನ್, ಜೈ ಕಿಸಾನ್" ಎಂದರು. ದುಡಿಯುವವನ ಹೆಸರನ್ನೇ ಜೈಕಾರದೊಳಗೆ ಸೇರಿಸಿದ್ದು ಅವರ ದೊಡ್ಡತನ. ಆದರೆ ಆ ಕಿಸಾನನ ಹೆಸರು ಗೋಡೆಯ ಮೇಲೆ ಏರಿದಷ್ಟು ಸುಲಭವಾಗಿ ಅವನ ಸಾಲ ಇಳಿಯಲಿಲ್ಲ.

ಊರುಗಳ ಹೆಸರಲ್ಲೂ ಜಯ ಬೇಕಾದಷ್ಟಿದೆ. ಹದಿನಾಲ್ಕನೆಯ ಶತಮಾನದಲ್ಲಿ ತುಂಗಭದ್ರೆಯ ದಡದಲ್ಲಿ ಎದ್ದ ರಾಜಧಾನಿಗೆ ವಿಜಯನಗರವೆಂದು ಹೆಸರು. 1565ರ ಯುದ್ಧದಲ್ಲಿ ಅದನ್ನು ಸೋಲಿಸಿದ ಸುಲ್ತಾನರ ಸೈನ್ಯಗಳಲ್ಲಿ ಒಂದು ಬಿಜಾಪುರದ್ದು. ಆ ಬಿಜಾಪುರದ ಹಳೆಯ ಹೆಸರೂ ವಿಜಯಪುರವೇ; 2014ರಲ್ಲಿ ಸರಕಾರ ಆ ಹೆಸರನ್ನೇ ಮತ್ತೆ ಇಟ್ಟಿತು. ಒಂದು ವಿಜಯದ ಊರು ಇನ್ನೊಂದು ವಿಜಯದ ಊರನ್ನು ಹಾಳುಮಾಡಿತು. ಇವತ್ತು ಹಂಪಿಗೆ ಹೋದವರು ನೋಡುವುದು ಕಲ್ಲು ಕಂಬಗಳನ್ನು. ಆ ಕಲ್ಲು ಹೊತ್ತವರ, ಕೆರೆ ಕಾಲುವೆ ತೋಡಿದವರ ಹೆಸರು ಯಾವ ಜಯಘೋಷದಲ್ಲೂ ಉಳಿದಿಲ್ಲ. ಅವರು ತೋಡಿದ ಕಾಲುವೆಗಳಲ್ಲಿ ಕೆಲವು ಮಾತ್ರ ಇಂದಿಗೂ ಹೊಲಕ್ಕೆ ನೀರು ಹರಿಸುತ್ತಿವೆ.

ಗೆಲುವು ಮೈಯಲ್ಲಿದೆ

ಗೆಲುವು ನಮ್ಮ ನೆಲದ ಮಾತು. ತೆಲುಗರಲ್ಲಿ ಗೆಲುಪು, ತಮಿಳರಲ್ಲಿ ವೆಲ್, ವೆಟ್ರಿ. ಎಲ್ಲಾ ಒಂದೇ ಬೇರಿನ ಚಿಗುರು. ಗೆಲ್ಲು ಎಂದರೆ ಎದುರಾಳಿಯನ್ನು ಸೋಲಿಸು ಎಂಬ ಅರ್ಥ ಇದ್ದೇ ಇದೆ. ಕುಸ್ತಿಯಲ್ಲಿ ಗೆದ್ದ, ಪಗಡೆಯಲ್ಲಿ ಗೆದ್ದ, ಕೇಸು ಗೆದ್ದ ಎನ್ನುತ್ತೇವೆ. ಆದರೆ ಕನ್ನಡದವರು ಈ ಮಾತನ್ನು ಅಷ್ಟಕ್ಕೇ ಬಿಡಲಿಲ್ಲ. ಬಾಡಿದ ಗಿಡ ಮಳೆ ಬಿದ್ದ ಮೇಲೆ ತಲೆ ಎತ್ತಿದರೆ ಗಿಡ ಗೆಲುವಾಯಿತು. ಬಾಣಂತಿಯ ಮುಖದಲ್ಲಿ ರಕ್ತ ತುಂಬಿದರೆ ಬಾಣಂತಿ ಗೆಲುವಾದಳು. ಕೆಲಸ ಕಳೆದುಕೊಂಡು ಬಂದ ಮಗನನ್ನು ನೋಡಿ ಅಪ್ಪ ಕೇಳುತ್ತಾನೆ: "ಯಾಕೋ, ಮುಖದಲ್ಲಿ ಗೆಲುವೇ ಇಲ್ಲವಲ್ಲ?" ಈ ಗೆಲುವಿಗೆ ಎದುರಾಳಿ ಬೇಕಿಲ್ಲ. ಯಾರನ್ನೂ ಕೆಡವಬೇಕಿಲ್ಲ. ಹೊಟ್ಟೆ ತುಂಬಿ, ನಿದ್ದೆ ಬಂದು, ನಾಳಿನ ಭಯ ಇಲ್ಲದಿದ್ದರೆ ಮನುಷ್ಯನ ಮುಖದಲ್ಲಿ ತಾನಾಗಿ ಮೂಡುವ ಬೆಳಕು ಅದು.

ಸೋಲಿನ ಮಾತೂ ಹಾಗೆಯೇ. ಎಂಟು ತಾಸು ಮಗ್ಗದ ಮುಂದೆ ನಿಂತು ಬಂದವನು "ಕಾಲು ಸೋತಿವೆ" ಎನ್ನುತ್ತಾನೆ. ದೀಪದ ಬೆಳಕಿನಲ್ಲಿ ಹೊಲಿಗೆ ಹಾಕುವವಳು "ಕಣ್ಣು ಸೋತವು" ಎನ್ನುತ್ತಾಳೆ. ಯಾರ ಜೊತೆ ಕುಸ್ತಿ ಆಡಿ ಸೋತವು? ಯಾರ ಜೊತೆಗೂ ಅಲ್ಲ. ದಣಿವಿಗೇ ಕನ್ನಡದಲ್ಲಿ ಸೋಲು ಎಂದು ಹೆಸರು. ಸೋಲನ್ನೂ ಗೆಲುವನ್ನೂ ನಮ್ಮ ಜನ ಮೈಯ ಮೇಲೇ ಅಳೆದಿದ್ದಾರೆ. ಸಿಂಹಾಸನವಿಲ್ಲದವರಿಗೆ ಅಳೆಯಲು ಬೇರೆ ಏನಿತ್ತು?

ಸಣ್ಣ ವ್ಯಾಪಾರಿಯ ಮಾತು ಇದಕ್ಕಿಂತ ಒಂದು ಮೆಟ್ಟಿಲು ಕೆಳಗೇ ಇದೆ. ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಅವನು "ಗೆದ್ದೆ" ಎಂದು ಹೇಳುವುದನ್ನು ಕೇಳಿದ್ದೀರಾ? ಅವನು ಹೇಳುವುದು "ಗಿಟ್ಟಿತು" ಅಥವಾ "ಗಿಟ್ಟಲಿಲ್ಲ" ಎಂದು. ಅಸಲು ಗಿಟ್ಟಿದರೆ ಸಾಕು, ಬಾಡಿಗೆ ಗಿಟ್ಟಿದರೆ ಸಾಕು. ಉದ್ರಿ ಪುಸ್ತಕದಲ್ಲಿ ಗಿರಣಿ ಕೆಲಸಗಾರರ ಹೆಸರುಗಳೇ ತುಂಬಿವೆ. ಬಟವಾಡೆ ಆದರೆ ಅವರು ಕೊಡುತ್ತಾರೆ, ಅವರು ಕೊಟ್ಟರೆ ಇವನು ಸಗಟು ಸಾಹುಕಾರನಿಗೆ ಕಟ್ಟುತ್ತಾನೆ. ಗಿರಣಿಗೆ ಬೀಗ ಬಿದ್ದರೆ ಅಂಗಡಿಗೂ ಅರ್ಧ ಬೀಗ ಬಿದ್ದಂತೆ. ಕೆಲಸಗಾರನ ಮನೆಯ ಗೆಲುವು ಮತ್ತು ಅಂಗಡಿಯ ಗಿಟ್ಟುವಿಕೆ ಒಂದೇ ದಾರದ ಎರಡು ತುದಿಗಳೆಂಬುದನ್ನು ಇಬ್ಬರೂ ಮರೆಯಬಾರದು.

ಗಾದೆಗಳ ಸಾಕ್ಷಿ

ಗೆಲುವಿನ ಬಗೆಗೆ ನಮ್ಮ ಗಾದೆಗಳು ಬಹಳ ಹುಷಾರಾಗಿವೆ. ಕೋರ್ಟು ಕಚೇರಿ ಹತ್ತಿದವರ ವಿಷಯದಲ್ಲಿ "ಗೆದ್ದವನು ಸೋತ, ಸೋತವನು ಸತ್ತ" ಎಂದಿವೆ. ಅಣ್ಣತಮ್ಮಂದಿರು ಎರಡು ಗುಂಟೆಗಾಗಿ ಹದಿನೈದು ವರ್ಷ ವ್ಯಾಜ್ಯ ಮಾಡಿ, ಕೊನೆಗೆ ತೀರ್ಪಿನ ನಕಲು ಕೈಗೆ ಬರುವ ಹೊತ್ತಿಗೆ ನಾಲ್ಕು ಗುಂಟೆಯ ಬೆಲೆ ಖರ್ಚಾಗಿರುವುದನ್ನು ಯಾವ ಊರಿನಲ್ಲಿ ನೋಡಿಲ್ಲ? ಮಹಾಭಾರತಕ್ಕೆ ಮೊದಲಿದ್ದ ಹೆಸರೇ "ಜಯ" ಎಂದು ಹೇಳುತ್ತಾರೆ. ಆ ಕಥೆಯ ಕೊನೆಯಲ್ಲಿ ಗೆದ್ದ ಧರ್ಮರಾಯನಿಗೆ ತನ್ನ ಜಯ ಸೋಲಿನಂತೆಯೇ ಕಂಡಿತು. ಮಕ್ಕಳಿಲ್ಲದ ಮನೆಯಲ್ಲಿ, ವಿಧವೆಯರ ಊರಿನಲ್ಲಿ ಜಯವಿತ್ತು, ಗೆಲುವಿರಲಿಲ್ಲ.

"ಗೆದ್ದೆತ್ತಿನ ಬಾಲ ಹಿಡಿಯುವುದು" ಇನ್ನೊಂದು ಮಾತು. ಎತ್ತು ಓಡಿ ಗೆಲ್ಲುವವರೆಗೆ ದೂರ ನಿಂತಿದ್ದು, ಗೆದ್ದೊಡನೆ ಓಡಿಬಂದು ಬಾಲ ಹಿಡಿದು ತಾನೇ ಗೆದ್ದೆನೆಂದು ಕುಣಿಯುವವನನ್ನು ಇದು ಹಂಗಿಸುತ್ತದೆ. ಎಣಿಕೆಯ ದಿನ ಮಧ್ಯಾಹ್ನ ಶಾಲು ಬದಲಾಯಿಸುವ ಗುತ್ತಿಗೆದಾರರನ್ನು ಕಂಡವರಿಗೆ ಈ ಗಾದೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ನಮಗೆ ಬೇಕಾದ ಗಾದೆ "ಮನೆ ಗೆದ್ದು ಮಾರು ಗೆಲ್ಲು" ಎಂಬುದು. ಮೊದಲು ಮನೆ, ಆಮೇಲೆ ಹೊರಗಿನ ಲೋಕ. ದಿಗ್ವಿಜಯದ ಕ್ರಮ ಇದಕ್ಕೆ ತಿರುವುಮುರುವು. ಅದು ದಿಕ್ಕುಗಳನ್ನೆಲ್ಲ ಗೆದ್ದು ಬರುವಷ್ಟರಲ್ಲಿ ಮನೆಯಲ್ಲಿ ಒಲೆ ಆರಿರುತ್ತದೆ.

ಇದಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ಕನ್ನಡ ನಾಡಿನ ಸಾವಿರಾರು ಊರುಗಳ ಹೊರಗೆ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಅವುಗಳಲ್ಲಿ ಎಷ್ಟೋ ಕಲ್ಲುಗಳು ತುರುಗೋಳಿನವು. ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ಬಿಡಿಸಿ ಊರಿಗೆ ಮರಳಿಸಿ ತಾನು ಸತ್ತವನ ಕಲ್ಲುಗಳು. ಅವನು ರಾಜ್ಯ ಗೆಲ್ಲಲಿಲ್ಲ, ಮೆರವಣಿಗೆ ಕಾಣಲಿಲ್ಲ. ಹಟ್ಟಿಗೆ ದನ ಮರಳಿ ಬಂದವು, ಮಕ್ಕಳಿಗೆ ಹಾಲು ಉಳಿಯಿತು. ಊರಿನವರು ಕಲ್ಲು ನಿಲ್ಲಿಸಿದ್ದು ಅದಕ್ಕಾಗಿ.

ಓಟಿನ ಜಯ, ನೋಟಿನ ಯುದ್ಧ

ಈ ಅಳತೆಗೋಲನ್ನು ಈಗ ರಾಜಕೀಯಕ್ಕೆ ಹಿಡಿಯೋಣ. 1951-52ರಲ್ಲಿ ನಡೆದ ಮೊದಲ ಮಹಾಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಲೋಕಸಭೆಯ 489 ಸ್ಥಾನಗಳಲ್ಲಿ 364 ಬಂದವು. ಬಂದ ಓಟು ನೂರಕ್ಕೆ ಸುಮಾರು 45. 2014ರಲ್ಲಿ ಭಾರತೀಯ ಜನತಾ ಪಕ್ಷಕ್ಕೆ 543ರಲ್ಲಿ 282 ಸ್ಥಾನ ಬಂದವು. ಓಟು ನೂರಕ್ಕೆ ಸುಮಾರು 31. ಎರಡು ಸಲವೂ ಪತ್ರಿಕೆಗಳಲ್ಲಿ ಭೇರಿ ಮೊಳಗಿತು. ಎರಡು ಸಲವೂ ಓಟು ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೇರೆಯವರಿಗೆ ಹಾಕಿದ್ದರು. ಕಾನೂನಿನ ಪ್ರಕಾರ ಜಯ ಜಯವೇ, ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಂಥ ಜಯವನ್ನು "ಇಡೀ ದೇಶದ ಗೆಲುವು" ಎಂದು ಕರೆಯುವ ಮುಂಚೆ ಸ್ವಲ್ಪ ನಾಚಿಕೆ ಇರಬೇಕು.

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳನ್ನು ರದ್ದುಮಾಡಿದರು. ಕಪ್ಪು ಹಣದ ಮೇಲೆ ಯುದ್ಧ ಎಂದರು. ಯುದ್ಧವೆಂದ ಮೇಲೆ ಸೋತವರು ಯಾರಾದರೂ ಇರಬೇಕಲ್ಲ? ರದ್ದಾದ 15.41 ಲಕ್ಷ ಕೋಟಿ ರೂಪಾಯಿಯಲ್ಲಿ 15.31 ಲಕ್ಷ ಕೋಟಿ ಬ್ಯಾಂಕಿಗೆ ಮರಳಿ ಬಂದಿತೆಂದು 2018ರಲ್ಲಿ ರಿಸರ್ವ್ ಬ್ಯಾಂಕೇ ವರದಿ ಮಾಡಿತು. ಕಪ್ಪು ಹಣದವನು ಸೋಲಲಿಲ್ಲ. ಸೋತದ್ದು ಸಾಲಿನಲ್ಲಿ ನಿಂತ ಕಾಲುಗಳು. ಸಂತೆಯಲ್ಲಿ ತರಕಾರಿ ಹಾಸಿಕೊಂಡು ಕುಳಿತವಳಿಗೆ, ಚಿಲ್ಲರೆ ಇಲ್ಲದೆ ಗಿರಾಕಿಯನ್ನು ಹಿಂದಕ್ಕೆ ಕಳಿಸಿದ ಕಿರಾಣಿಯವನಿಗೆ ಆ ಯುದ್ಧದಲ್ಲಿ ಏನು ಗಿಟ್ಟಿತು ಎಂದು ದಿಲ್ಲಿಯವರು ಯಾರೂ ಬಂದು ಕೇಳಲಿಲ್ಲ.

ಒಂದು ಭಾನುವಾರದ ಗೆಲುವು

ಇನ್ನು ನಮ್ಮದೇ ಹೋರಾಟಗಳ ಮಾತು. ಮುಂಬಯಿಯ ನಾರಾಯಣ ಮೇಘಾಜಿ ಲೋಖಂಡೆಯವರ ಹೆಸರು ಗಿರಣಿ ಕೆಲಸಗಾರರಿಗೆಲ್ಲ ಗೊತ್ತಿರಬೇಕು. ಜೋತಿಬಾ ಫುಲೆಯವರ ಒಡನಾಡಿ, "ದೀನಬಂಧು" ಪತ್ರಿಕೆ ನಡೆಸಿದವರು. 1884ರಲ್ಲಿ ಗಿರಣಿ ಕೆಲಸಗಾರರನ್ನು ಸಭೆ ಸೇರಿಸಿ ವಾರಕ್ಕೊಂದು ರಜೆ ಬೇಕೆಂದು ಕೇಳಿದರು. ಆರು ವರ್ಷ ಕೇಳುತ್ತಲೇ ಇದ್ದರು. 1890ರ ಜೂನ್ 10ರಂದು ಮುಂಬಯಿಯ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಆ ಗೆಲುವಿಗೆ ಯಾರೂ ಜಯಸ್ತಂಭ ಕಟ್ಟಲಿಲ್ಲ. ಆದರೆ ಇವತ್ತು ಭಾನುವಾರ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಬಿಸಿನೀರಿಗೆ ಕಾಯುತ್ತ ಕುಳಿತ ಪ್ರತಿಯೊಬ್ಬ ಕೆಲಸಗಾರನ ಮೈಮೇಲೂ ಅದು ಇದೆ.

ದುಡಿಮೆಯ ಗಂಟೆಗಳ ಕಥೆಯೂ ಇಂಥದೇ. 1881ರ ಮೊದಲ ಕಾರ್ಖಾನೆ ಕಾಯಿದೆ ಏಳು ವರ್ಷದ ಮಗುವನ್ನೂ ದಿನಕ್ಕೆ ಒಂಬತ್ತು ಗಂಟೆ ದುಡಿಸಲು ಬಿಟ್ಟಿತ್ತು. ದೊಡ್ಡವರಿಗೆ ಮಿತಿಯೇ ಇರಲಿಲ್ಲ. 1911ರಲ್ಲಿ ಬಟ್ಟೆ ಗಿರಣಿಯ ಗಂಡಸರಿಗೆ ದಿನಕ್ಕೆ 12 ಗಂಟೆಯ ಮಿತಿ ಬಂದಿತು. 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54, 1948ರ ಕಾಯಿದೆಯಲ್ಲಿ 48. ಒಂದೊಂದು ಗಂಟೆಯನ್ನೂ ಇಳಿಸಲು ಒಂದೊಂದು ತಲೆಮಾರು ಸವೆಯಿತು. ಇದನ್ನು ಯಾರೂ ದಾನ ಕೊಟ್ಟದ್ದಲ್ಲ. 2023ರಲ್ಲಿ ಕರ್ನಾಟಕದ ವಿಧಾನಮಂಡಲ ಆ ಕಾಯಿದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಲೆಕ್ಕ ಹಾಗೇ ಇಟ್ಟುಕೊಂಡು, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ಬಂಡವಾಳ ಹೂಡಿಕೆಗೆ ಇದು ಅನುಕೂಲ ಎಂದರು. ಮಾತು ಹೂಡಿಕೆಯದು, ಸೋಲುವ ಕಾಲು ಯಾರದು? ಗೆದ್ದ ಗೆಲುವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮಲಗಿದರೆ, ಬೆಳಗಾಗುವಷ್ಟರಲ್ಲಿ ಪೆಟ್ಟಿಗೆಯೇ ಇರುವುದಿಲ್ಲ.

ಸೋಲಿನ ಪಾಠವನ್ನೂ ಮುಚ್ಚಿಡಬಾರದು. 1982ರ ಜನವರಿ 18ರಂದು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಹೂಡಿದರು. ಅದು ಮುಗಿಯಿತೆಂದು ವಿಧ್ಯುಕ್ತವಾಗಿ ಯಾರೂ ಘೋಷಿಸಲೇ ಇಲ್ಲ. 1984ರ ಲೋಕಸಭಾ ಚುನಾವಣೆಯಲ್ಲಿ ಸಾಮಂತರು ಪಕ್ಷೇತರರಾಗಿ ಗೆದ್ದರು. ಗಿರಣಿ ಕೆಲಸಗಾರರ ಪ್ರೀತಿ ಅವರ ಮೇಲೆ ಅಷ್ಟಿತ್ತು. ಆದರೆ ಆ ಹೊತ್ತಿಗೆ ಸಾವಿರಾರು ಮನೆಗಳಲ್ಲಿ ಪಾತ್ರೆಗಳು ಮಾರಾಟವಾಗಿದ್ದವು, ಎಷ್ಟೋ ಜನ ಊರಿಗೆ ಮರಳಿದ್ದರು. ಮುಂದೆ ಗಿರಣಿಗಳ ಜಾಗದಲ್ಲಿ ಗೋಪುರಗಳಂಥ ಕಟ್ಟಡಗಳೂ ಮಾಲುಗಳೂ ಎದ್ದವು. ಇದರಲ್ಲಿ ಮುಂದಾಳಿನ ಪ್ರಾಮಾಣಿಕತೆಯ ಪ್ರಶ್ನೆ ಇಲ್ಲ. ಸಂಸತ್ತಿನಲ್ಲಿ ಒಂದು ಕುರ್ಚಿ ಗೆದ್ದರೂ ಚಾಳಿನ ಕೋಣೆಯಲ್ಲಿ ಗೆಲುವು ಮೂಡಲಿಲ್ಲ ಎಂಬುದಷ್ಟೇ ಮಾತು.

ಕೊಳಗದ ಅಳತೆ

ಇದಕ್ಕೆ ಎದುರಾಗಿ ಕಾಗೋಡನ್ನು ಇಡೋಣ. ಸಾಗರ ತಾಲ್ಲೂಕಿನ ಆ ಸಣ್ಣ ಹಳ್ಳಿಯ ಜಗಳ ಶುರುವಾದದ್ದು ಒಂದು ಕೊಳಗದಿಂದ. ಭೂಮಾಲೀಕರು ಗೇಣಿ ಭತ್ತ ಅಳೆದುಕೊಳ್ಳಲು ವಾಡಿಕೆಗಿಂತ ದೊಡ್ಡ ಕೊಳಗ ಇಟ್ಟುಕೊಂಡಿದ್ದರು. ಸರಿಯಾದ ಅಳತೆ ಬೇಕೆಂದು ಗೇಣಿದಾರರು ಕೇಳಿದರು, ಸರಿಯಾದ ರಸೀತಿ ಕೇಳಿದರು. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿದರು, ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರು ಬಂದು ಬಂಧಿತರಾದರು. ನೂರಾರು ಮಂದಿ ಸೆರೆಮನೆ ಸೇರಿದರು.

ಆ ವರ್ಷದ ಕೊನೆಗೆ ಯಾರಾದರೂ ಲೆಕ್ಕ ಹಾಕಿದ್ದರೆ ಕಾಗೋಡು ಸೋತಿತೆಂದೇ ಬರೆಯುತ್ತಿದ್ದರು. ಉಳುವವನ ಕೈಗೆ ಭೂಮಿ ಬಂದಿರಲಿಲ್ಲ. 1952ರಲ್ಲಿ ಗೋಪಾಲಗೌಡರು ವಿಧಾನಸಭೆಗೆ ಗೆದ್ದರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಗೆದ್ದಾಗಲೂ ಸೋತಾಗಲೂ ಅವರು ಆಡಿದ್ದು ಉಳುವವನೇ ಹೊಲದೊಡೆಯನಾಗಬೇಕೆಂಬ ಒಂದೇ ಮಾತು. 1972ರಲ್ಲಿ ಅವರು ತೀರಿಕೊಂಡರು. ದೇವರಾಜ ಅರಸರ ಸರಕಾರದ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾದದ್ದು 1974ರ ಮಾರ್ಚ್ 1ರಿಂದ. ಕೊಳಗದ ಜಗಳದಿಂದ ಹಕ್ಕುಪತ್ರಕ್ಕೆ ಬರಲು ಇಪ್ಪತ್ತಮೂರು ವರ್ಷ ಹಿಡಿಯಿತು. ಗೌಡರು ಅದನ್ನು ಕಣ್ಣಿಂದ ನೋಡಲಿಲ್ಲ. ಹಕ್ಕುಪತ್ರ ಬಂದ ಮನೆಯವರು ನೋಡಿದರು. 2020ರಲ್ಲಿ ಅದೇ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದು, ಬೇಸಾಯಗಾರನಲ್ಲದವನೂ ಹೊಲ ಕೊಳ್ಳಬಹುದೆಂದು ಮಾಡಿದ್ದಾರೆ. ಕಾವಲು ಬೇಕಾಗಿರುವುದು ಗಿರಣಿಯಲ್ಲಿ ಮಾತ್ರವಲ್ಲ.

ಹಾಗಾದರೆ ಜೈಕಾರ ಬೇಡವೇ?

ಕೆಲವು ಗೆಳೆಯರು ಕೇಳಬಹುದು: ಜೈಕಾರವಿಲ್ಲದೆ ಮೆರವಣಿಗೆ ಹೇಗೆ ನಡೆದೀತು? ಜನರಿಗೆ ಹುರುಪು ಎಲ್ಲಿಂದ ಬಂದೀತು? ಈ ಮಾತಿನಲ್ಲಿ ಹುರುಳಿದೆ. ಹತ್ತು ಜನ ಒಟ್ಟಿಗೆ ಕೂಗಿದಾಗ ಒಬ್ಬೊಬ್ಬನ ಅಂಜಿಕೆ ಕರಗುತ್ತದೆ. ಮಾಲೀಕನ ಗೇಟಿನ ಮುಂದೆ ನಿಂತವರಿಗೆ ಅದು ಗೊತ್ತು. ಜೈಕಾರ ಹಾಕೋಣ. ಆದರೆ ಜೈಕಾರ ಹಾಕಿದ ಗಂಟಲಿಗೆ ಪ್ರಶ್ನೆ ಕೇಳುವ ಅಭ್ಯಾಸವೂ ಇರಲಿ.

ಒಪ್ಪಂದಕ್ಕೆ ಸಹಿ ಬಿದ್ದು ಸಂಘದ ಮುಂದಾಳುಗಳು ಕೊರಳಿಗೆ ಹಾರ ಹಾಕಿಸಿಕೊಂಡು ಬಂದಾಗ ಕೇಳಿ: ತುಟ್ಟಿಭತ್ಯೆ ಎಷ್ಟು ಏರಿತು, ಯಾವ ತಿಂಗಳಿಂದ? ಬದಲಿ ಕೆಲಸಗಾರರು, ಗುತ್ತಿಗೆಯ ಹೆಂಗಸರು ಒಪ್ಪಂದದೊಳಗೆ ಇದ್ದಾರೋ ಹೊರಗೋ? ಕೆಲಸದಿಂದ ತೆಗೆದವರನ್ನು ವಾಪಸು ತೆಗೆದುಕೊಂಡರೋ? ಗೆದ್ದ ಶಾಸಕರು ಪೇಟೆಯಲ್ಲಿ ಕೈಮುಗಿಯುತ್ತ ಬಂದಾಗ ಅಂಗಡಿಯವರು ಕೇಳಲಿ: ಮಾರುಕಟ್ಟೆಯ ಮಳಿಗೆ ಬಾಡಿಗೆ ಏನಾಯಿತು, ಬೀದಿ ವ್ಯಾಪಾರಿಗಳನ್ನು ಎಬ್ಬಿಸುವುದು ನಿಂತಿತೇ, ಸಣ್ಣ ಸಾಲ ಯಾವ ಬಡ್ಡಿಗೆ ಸಿಕ್ಕೀತು? ಉತ್ತರ ಸರಿಯಾಗಿ ಬಂದರೆ ಹಾರಕ್ಕೆ ಇನ್ನೊಂದು ಹೂವು ಸೇರಿಸೋಣ. ಬಾರದಿದ್ದರೆ ಆ ಜಯ ಅವರದು, ನಮ್ಮ ಗೆಲುವು ಇನ್ನೂ ಬಾಕಿ ಇದೆ ಎಂದು ಲೆಕ್ಕದ ಪುಸ್ತಕದಲ್ಲಿ ಬರೆದಿಡೋಣ.

ಸಮಾಜವಾದವೆಂದರೆ ದೊಡ್ಡ ದೊಡ್ಡ ಗ್ರಂಥಗಳಲ್ಲಿ ಮಾತ್ರ ಸಿಗುವ ವಸ್ತುವೆಂದು ಹೆದರುವವರಿದ್ದಾರೆ. ಅವರು ಆ ತಾಯಿಯ ಮಾತನ್ನು ಕೇಳಲಿ. ಮಗುವಿಗೆ ಹಾಲು, ಜ್ವರಕ್ಕೆ ಔಷಧಿ, ಅಪ್ಪನಿಗೆ ಕೆಲಸ, ತಲೆಯ ಮೇಲೆ ಸೂರು, ಮನಸ್ಸಿಗೆ ನಿರ್ಭಯ, ಇಷ್ಟೆಲ್ಲ ಕೂಡಿದಾಗ ಮುಖದ ಮೇಲೆ ಬರುವುದಕ್ಕೆ ಕನ್ನಡದಲ್ಲಿ ಮೊದಲಿನಿಂದಲೂ ಒಂದು ಹೆಸರಿದೆ. ಅದನ್ನು ಒಂದು ಮನೆಯಲ್ಲಿ ಕಂಡರೆ ಸಾಲದು, ಊರಿನ ಎಲ್ಲ ಮನೆಗಳಲ್ಲೂ ಕಾಣಬೇಕೆನ್ನುವುದೇ ನಮ್ಮ ರಾಜಕೀಯ. ಮುಂದಿನ ಭಾನುವಾರ ಸಂಘದ ಸಭೆಗೆ ಬರುವಾಗ ನೆರೆಯವರನ್ನೂ ಕರೆತನ್ನಿ. ಭಾನುವಾರ ಸಭೆ ಸೇರಲು ಬಿಡುವು ಸಿಕ್ಕಿರುವುದೇ ನಮ್ಮ ಹಿರಿಯರು ಗೆದ್ದುಕೊಟ್ಟ ರಜೆಯಿಂದ.